ಅಂಗಡಿ ಲೆಕ್ಕದ ತಾಳೆ: ಕಡತದಿಂದ ಕಾರ್ಡಿನವರೆಗೆ

ಅಂಗಡಿಯ ಪುಸ್ತಕದಲ್ಲಿ ಬರೆದ ಮಾರಾಟಕ್ಕೂ ಬ್ಯಾಂಕಿನ ಖಾತೆಗೆ ಬಂದು ಬಿದ್ದ ಹಣಕ್ಕೂ ಹೊಂದಿಕೆ ಇದೆಯೇ ಎಂದು ಸಾಲು ಹಿಡಿದು ನೋಡುವ ಕೆಲಸವೇ ಲೆಕ್ಕದ ತಾಳೆ. ನಗದು ವ್ಯಾಪಾರದಲ್ಲಿ ಇದು ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವಷ್ಟಕ್ಕೆ ಮುಗಿಯುತ್ತಿತ್ತು. ಚೆಕ್ಕು, ಕಾರ್ಡು, ಕ್ಯೂಆರ್ ಒಂದೊಂದೇ ಬಂದಂತೆ ಮಾರಿದ ದಿನ ಬೇರೆ, ಹಣ ಬಂದ ದಿನ ಬೇರೆ ಆಯಿತು. ಮಾರಿದ ಮೊತ್ತ ಒಂದು, ಕೈಸೇರಿದ ಮೊತ್ತ ಇನ್ನೊಂದು ಆಯಿತು. ಈ ಅಂತರವನ್ನು ಯಂತ್ರದಿಂದಲೇ ಸರಿದೂಗಿಸುವ ಪ್ರಯತ್ನಗಳ ಚರಿತ್ರೆಯನ್ನು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಬೀರೂರು ಜಂಕ್ಷನ್ನಿನ ಸುತ್ತ ಹರಡಿರುವ ಸೀಮೆ ಇದು. ಬೆಂಗಳೂರಿನ ಕಡೆ ಕಡೂರು, ಶಿವಮೊಗ್ಗದ ಹಾದಿಯಲ್ಲಿ ತರೀಕೆರೆ, ಚಿಕ್ಕಜಾಜೂರಿನ ಹಾದಿಯಲ್ಲಿ ಅಜ್ಜಂಪುರ. ಮೂರೂ ರೈಲು ನಿಲ್ದಾಣವಿರುವ ಊರುಗಳು. ಅಜ್ಜಂಪುರ ಮೊದಲು ತರೀಕೆರೆ ತಾಲೂಕಿನ ಹೋಬಳಿಯಾಗಿದ್ದು ಈಚೆಗೆ ತಾಲೂಕಾಯಿತು. ತೆಂಗು, ಅಡಕೆ, ಈರುಳ್ಳಿಯ ಸುಗ್ಗಿ ಬಂದಾಗ ಇಲ್ಲಿ ಹಣ ಓಡಾಡುತ್ತದೆ, ಉಳಿದ ತಿಂಗಳು ಉದ್ರಿ ನಡೆಯುತ್ತದೆ. ಲೆಕ್ಕದ ತಂತ್ರಾಂಶಗಳಿಗೆ ಇಲ್ಲಿ ತೊಡಕಾಗುವುದು ಈ ಉದ್ರಿಯೇ.

ಕಡತ ಮತ್ತು ಕಿರ್ದಿ

ಕಾಗದ ಅಗ್ಗವಾಗುವ ಮುನ್ನ ಮೈಸೂರು ಸೀಮೆಯ ವರ್ತಕರು ಕಡತದಲ್ಲಿ ಲೆಕ್ಕ ಇಡುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಮರದ ಹಲಗೆ. ಬರೆಯಲು ಬಳಪ. ಅಳಿಸಿ ಮತ್ತೆ ಬರೆಯಬಹುದಾಗಿದ್ದರೂ ಜನ ಅದನ್ನು ನಂಬುತ್ತಿದ್ದರು. ಸಾಕ್ಷಿಗಳ ಸಮೇತ ವರ್ತಕನ ಕಡತದಲ್ಲಿ ಬರೆದಿದ್ದ ಸಾಲಪತ್ರವೊಂದನ್ನು ಪುರಾವೆಯಾಗಿ ಸ್ವೀಕರಿಸಿದ್ದನ್ನು ತಾನೇ ಕಂಡಿದ್ದಾಗಿ ವಿಲ್ಕ್ಸ್ ಹೇಳುತ್ತಾನೆ. ಇದೇ ಜಿಲ್ಲೆಯ ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಇಂದು ಚರಿತ್ರೆಕಾರರಿಗೆ ಆಕರ.

ಕಾಗದ ಬಂದ ಮೇಲೆ ಕಿರ್ದಿ ಮತ್ತು ಖತಾವಣಿಯ ಜೋಡಿ ನೆಲೆಗೊಂಡಿತು. ದಿನದ ವ್ಯವಹಾರವೆಲ್ಲ ಬಂದ ಕ್ರಮದಲ್ಲಿ ಕಿರ್ದಿಗೆ ಏರುತ್ತದೆ; ಅಲ್ಲಿಂದ ಆಯಾ ಗಿರಾಕಿಯ ಹೆಸರಿನ ಖಾತೆಗೆ ಇಳಿಯುತ್ತದೆ. ಎರಡರ ಮೊತ್ತ ಕೂಡದಿದ್ದರೆ ಗುಮಾಸ್ತನಿಗೆ ಮನೆಗೆ ಹೋಗಲು ಅಪ್ಪಣೆ ಇಲ್ಲ. ಯುರೋಪಿನಲ್ಲಿ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೂ ಇಂಥದೇ ಶಿಸ್ತನ್ನು ಬೇಡುತ್ತಿತ್ತು. ಆದರೆ ಈ ಪುಸ್ತಕಗಳೆಲ್ಲ ಅಂಗಡಿಯವರವೇ. ಹೊರಗಿನವರು ಬರೆದ ಲೆಕ್ಕಕ್ಕೆ ತಮ್ಮ ಲೆಕ್ಕವನ್ನು ಹಿಡಿದು ನೋಡುವ ಪ್ರಮೇಯ ಬಂದದ್ದು ಬ್ಯಾಂಕಿನ ಜೊತೆಗೆ.

ಬ್ಯಾಂಕಿನ ಪಾಸ್‌ಬುಕ್ಕು, ಪಿಗ್ಮಿ ಏಜೆಂಟರ ಯಂತ್ರ

1913ರಲ್ಲಿ ಮೈಸೂರು ಬ್ಯಾಂಕ್ ಆರಂಭವಾಯಿತು. 1960ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಘಟ್ಟದ ಮೇಲಕ್ಕೂ ಹರಡಿದವು. ಬ್ಯಾಂಕಿನವರು 1891ರ ಕಾಯಿದೆಯಂತೆ ದೃಢೀಕರಿಸಿ ಕೊಟ್ಟ ಲೆಕ್ಕದ ನಕಲಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆ ಇತ್ತು. ಹಾಗಾಗಿ ಪಾಸ್‌ಬುಕ್ಕಿಗೂ ಅಂಗಡಿಯ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ಕಾರಣ ಹುಡುಕುವ ಹೊಣೆ ಸಾಮಾನ್ಯವಾಗಿ ಅಂಗಡಿಯವರ ಮೇಲೇ ಬೀಳುತ್ತಿತ್ತು. ಹೊರಗಿನ ಊರಿನ ಚೆಕ್ಕು ಪಾಸಾಗಲು ಹಿಡಿಯುವ ದಿನಗಳು, ಬ್ಯಾಂಕು ಹಿಡಿದುಕೊಂಡ ಕಮಿಷನ್ನು, ಬರೆದುಕೊಡಲಾದರೂ ಇನ್ನೂ ಹಾಜರಾಗದ ಚೆಕ್ಕು: ತಾಳೆ ತಪ್ಪುವುದಕ್ಕೆ ಅಂದಿನ ಕಾರಣಗಳು ಇವೇ ಮೂರು.

ಸಣ್ಣ ಅಂಗಡಿಗಳ ಮಟ್ಟಿಗೆ ಬ್ಯಾಂಕು ಬಾಗಿಲಿಗೇ ಬಂದದ್ದು ಪಿಗ್ಮಿಯ ಮೂಲಕ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಯಿತು. 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಬಂದು ಚಿಲ್ಲರೆ ಕಾಸು ಪಡೆದು ಕಾರ್ಡಿನಲ್ಲಿ ಬರೆದು ಹೋಗುವರು. ಆಮೇಲಿನ ದಶಕಗಳಲ್ಲಿ ಅವರ ಕೈಗೆ ಅಂಗೈಯಗಲದ ಯಂತ್ರ ಬಂತು. ಖಾತೆ ಸಂಖ್ಯೆ ಒತ್ತಿದರೆ ಹೆಸರು ಕಾಣುತ್ತದೆ, ಮೊತ್ತ ಒತ್ತಿದರೆ ಚೀಟಿ ಹೊರಬರುತ್ತದೆ. ಸಂಜೆ ಯಂತ್ರವನ್ನು ಬ್ಯಾಂಕಿನ ಅಥವಾ ಸಹಕಾರ ಸಂಘದ ಕಂಪ್ಯೂಟರಿಗೆ ಜೋಡಿಸಿದರೆ ಇಡೀ ದಿನದ ಜಮಾ ಒಮ್ಮೆಗೇ ಖಾತೆಗಳಿಗೆ ಏರುತ್ತದೆ. ಸ್ವಯಂಚಾಲಿತ ತಾಳೆಯ ಮರ್ಮ ಈ ಚೀಟಿಯಲ್ಲೇ ಇದೆ. ಹಣ ಕೊಟ್ಟ ಗಳಿಗೆಯಲ್ಲಿ ಹುಟ್ಟಿದ ಒಂದೇ ಸಂಖ್ಯೆ ಎರಡೂ ಕಡೆಯ ಪುಸ್ತಕಕ್ಕೆ ಹೋಗಬೇಕು.

ಕಾರ್ಬನ್ ಸ್ಲಿಪ್ಪಿನಿಂದ ಸ್ವೈಪಿಂಗ್ ಮಷೀನಿಗೆ

ಡೈನರ್ಸ್ ಕ್ಲಬ್ ಕಾರ್ಡು ನ್ಯೂಯಾರ್ಕಿನಲ್ಲಿ ಶುರುವಾದದ್ದು 1950ರಲ್ಲಿ, ಭಾರತಕ್ಕೆ ಬಂದದ್ದು 1961ರಲ್ಲಿ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ತನ್ನ ಕಾರ್ಡು ಹೊರತಂದಿತು. ಆಗಿನ ವಿಧಾನದಲ್ಲಿ ಕಾರ್ಡಿನ ಉಬ್ಬು ಅಕ್ಷರಗಳ ಮೇಲೆ ಕಾರ್ಬನ್ ಹಾಳೆ ಇಟ್ಟು ಉರುಳೆ ಎಳೆಯಬೇಕಿತ್ತು. ಸ್ಲಿಪ್ಪಿನ ಒಂದು ಪ್ರತಿ ಗಿರಾಕಿಗೆ, ಒಂದು ಅಂಗಡಿಗೆ, ಒಂದು ಬ್ಯಾಂಕಿಗೆ. ಅಂಗಡಿಯವರು ಸ್ಲಿಪ್ಪುಗಳನ್ನು ಒಟ್ಟುಮಾಡಿ ಬ್ಯಾಂಕಿಗೆ ಒಪ್ಪಿಸಿದ ಮೇಲೆ, ಕಮಿಷನ್ ಕಳೆದು ಹಣ ಜಮಾ ಆಗುತ್ತಿತ್ತು.

ವಿದ್ಯುನ್ಮಾನ ಯಂತ್ರ ಬಂದ ಮೇಲೆ ಸ್ಲಿಪ್ಪು ಹೊರುವ ಕೆಲಸ ತಪ್ಪಿತು, ಕಮಿಷನ್ ಕಳೆಯುವುದು ತಪ್ಪಲಿಲ್ಲ. ಒಂದು ದಿನದ ಕ್ರೆಡಿಟ್ ಕಾರ್ಡ್ ವ್ಯಾಪಾರವನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಶನಿವಾರ ಬಟ್ಟೆ ಅಂಗಡಿಯೊಂದರಲ್ಲಿ 2,500, 3,100 ಮತ್ತು 4,400 ರೂಪಾಯಿಯ ಮೂರು ಮಾರಾಟ ಆದವೆಂದುಕೊಳ್ಳೋಣ. ರಾತ್ರಿ ಯಂತ್ರದಲ್ಲಿ ಸೆಟಲ್‌ಮೆಂಟ್ ಒತ್ತಿದರೆ 10,000ದ ಚೀಟಿ ಬರುತ್ತದೆ. ಕಮಿಷನ್ ಶೇ. 1.8 ಇದ್ದರೆ 180 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 32.40. ಮುಂದಿನ ವಾರ ಪಾಸ್‌ಬುಕ್ಕಿನಲ್ಲಿ ಮೂರು ಸಾಲುಗಳಿರುವುದಿಲ್ಲ, 9,787.60 ಎಂಬ ಒಂದೇ ಸಾಲು ಇರುತ್ತದೆ. ಅದನ್ನೇ ಮಾರಾಟ ಎಂದು ಬರೆದುಕೊಂಡರೆ ವಹಿವಾಟು 212.40 ರೂಪಾಯಿ ಕಡಿಮೆ ತೋರಿದಂತಾಯಿತು. ಕಮಿಷನ್ನಿನ ಮೇಲಿನ ತೆರಿಗೆಯನ್ನು ಮರಳಿ ಜಮಾ ಪಡೆಯುವ ಅವಕಾಶವೂ ತಪ್ಪಿತು. 2,000 ರೂಪಾಯಿ ಮೀರದ ಕಾರ್ಡ್ ವಹಿವಾಟಿನ ಕಮಿಷನ್ನಿಗೆ ಈ ತೆರಿಗೆಯೇ ಇಲ್ಲವಾದ್ದರಿಂದ ಸಣ್ಣ ಮಾರಾಟಗಳು ಬೆರೆತ ದಿನ ಲೆಕ್ಕ ಇನ್ನಷ್ಟು ಗೋಜಲು. ಮಾರ್ಚ್ 31ರ ಮಾರಾಟದ ಹಣ ಏಪ್ರಿಲ್‌ನಲ್ಲಿ ಬಂದರಂತೂ ಎರಡು ವರ್ಷಗಳ ಲೆಕ್ಕವೇ ಹೊಸೆದುಕೊಳ್ಳುತ್ತದೆ.

ಕಮಿಷನ್ನಿನ ಪ್ರಶ್ನೆ ಹೆದ್ದಾರಿಯ ಪೆಟ್ರೋಲ್ ಬಂಕುಗಳನ್ನೂ ಬಿಡಲಿಲ್ಲ. ಕಾರ್ಡ್ ಮಾರಾಟಕ್ಕೆ ಶೇ. 1 ಹಿಡಿಯುವುದಾಗಿ ಕೆಲವು ಬ್ಯಾಂಕುಗಳು ಹೇಳಿದಾಗ, 2017ರ ಜನವರಿಯಲ್ಲಿ ದೇಶದ ಬಂಕ್ ಮಾಲೀಕರು ಕಾರ್ಡನ್ನೇ ನಿರಾಕರಿಸುವುದಾಗಿ ಪಟ್ಟು ಹಿಡಿದರು, ಬ್ಯಾಂಕುಗಳು ಹಿಂದೆಗೆದವು. 2018ರ ಜನವರಿಯಿಂದ ರಿಸರ್ವ್ ಬ್ಯಾಂಕು, ವಾರ್ಷಿಕ ವಹಿವಾಟು 20 ಲಕ್ಷ ಮೀರದ ವ್ಯಾಪಾರಿಗಳಿಗೆ ಡೆಬಿಟ್ ಕಾರ್ಡ್ ಕಮಿಷನ್ ಯಂತ್ರದಲ್ಲಿ ಶೇ. 0.40 ದಾಟಬಾರದೆಂದು ಮಿತಿ ಹಾಕಿತು. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇರಲಿಲ್ಲ. ಒಂದೇ ಯಂತ್ರ, ಎರಡು ದರ.

ಟ್ಯಾಲಿ

ತಾಳೆಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನಲ್ಲೇ. ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಂದಲೇ ಬರೆಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಶುರುವಾದ ಕಂಪನಿ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಬಿ.ಕಾಂ. ಮುಗಿಸಿದವರು ಟ್ಯಾಲಿ ಕ್ಲಾಸಿಗೆ ಸೇರುವುದು ಸಣ್ಣ ಊರುಗಳಲ್ಲೂ ವಾಡಿಕೆಯಾಯಿತು.

ಟ್ಯಾಲಿಯ ಬ್ಯಾಂಕ್ ತಾಳೆಯ ಪರದೆ ಸರಳವಾದದ್ದು. ಅಂಗಡಿಯ ಪ್ರತಿ ನಮೂದಿನ ಎದುರು ‘ಬ್ಯಾಂಕ್ ಡೇಟ್’ ಎಂಬ ಖಾಲಿ ಜಾಗ. ಸ್ಟೇಟ್‌ಮೆಂಟ್ ನೋಡಿ ಹಣ ಬಂದ ತಾರೀಖನ್ನು ಅಲ್ಲಿ ತುಂಬಬೇಕು. ಕೆಳಗೆ ಅಂಗಡಿ ಪುಸ್ತಕದ ಶಿಲ್ಕು, ಬ್ಯಾಂಕಿನಲ್ಲಿ ಇನ್ನೂ ಕಾಣದ ಮೊತ್ತ, ಬ್ಯಾಂಕಿನ ಶಿಲ್ಕು ಎಂಬ ಮೂರು ಸಾಲು. ತಾರೀಖು ತುಂಬುತ್ತ ಹೋದಂತೆ ನಡುವಿನ ಸಾಲು ಕರಗುತ್ತ ಬರುತ್ತದೆ. ಮುಂದಿನ ಆವೃತ್ತಿಗಳಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್ ಕಡತವನ್ನೇ ಒಳಗೆಳೆದುಕೊಂಡು ಮೊತ್ತ, ತಾರೀಖು, ಚೆಕ್ ಸಂಖ್ಯೆ ಹೊಂದಿಸುವ ಸೌಲಭ್ಯ ಬಂತು. ಅಮೆರಿಕದಲ್ಲಿ ಮೈಕ್ರೋಸಾಫ್ಟ್, ಇಂಟ್ಯೂಟ್, ಚೆಕ್‌ಫ್ರೀ ಕಂಪನಿಗಳು 1997ರಲ್ಲೇ ಬ್ಯಾಂಕಿನ ಮಾಹಿತಿ ನೇರವಾಗಿ ತಂತ್ರಾಂಶಕ್ಕೆ ಹರಿಯಲು ಸಮಾನ ನಮೂನೆ ರೂಪಿಸಿದ್ದವು. ಭಾರತದಲ್ಲಿ ಖಾತೆದಾರರ ಒಪ್ಪಿಗೆಯ ಮೇಲೆ ಮಾಹಿತಿ ಹಂಚುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಚಾಲನೆಗೊಂಡದ್ದು 2021ರ ಸೆಪ್ಟೆಂಬರಿನಲ್ಲಿ.

ಯಂತ್ರಕ್ಕೆ ಹೊಂದಿಸಿಟ್ಟ ಲೆಕ್ಕವನ್ನು ಬ್ಯಾಂಕುಗಳ ವಿಲೀನ ಕದಡಿತು. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕು 2012ರಲ್ಲಿ ಕಾವೇರಿ ಗ್ರಾಮೀಣದಲ್ಲಿ ಸೇರಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಪ್ರತಿ ವಿಲೀನಕ್ಕೂ ಐಎಫ್‌ಎಸ್‌ಸಿ ಕೋಡು, ಚೆಕ್ ಪುಸ್ತಕ, ಸ್ಟೇಟ್‌ಮೆಂಟಿನ ನಮೂನೆಗಳಲ್ಲಿ ಬದಲಾವಣೆ ಬಂತು.

ಕ್ಯೂಆರ್ ಕಾಲ

ಯುಪಿಐ 2016ರ ಏಪ್ರಿಲ್‌ನಲ್ಲಿ ಬಂತು, ನೋಟು ರದ್ದತಿ ನವೆಂಬರಿನಲ್ಲಿ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಕಮಿಷನ್ ಶೂನ್ಯವಾಯಿತು. ಮಾರಿದ ಮೊತ್ತವೇ ಕೈಸೇರುವಂತಾದ್ದರಿಂದ ತಾಳೆಯ ಅರ್ಧ ತೊಡಕು ತಾನಾಗಿ ಬಗೆಹರಿಯಿತು. ಎಳನೀರು ಮಾರುವವರೂ ಕ್ಯೂಆರ್ ತೂಗುಹಾಕಿದರು. ಹಣ ಬಂತೆಂದು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್‌ಬಾಕ್ಸ್ ಬಂತು. ಉದ್ರಿ ಪುಸ್ತಕವನ್ನು ಮೊಬೈಲಿಗೆ ತಂದ ಓಕೆಕ್ರೆಡಿಟ್, ಖಾತಾಬುಕ್ ಎರಡೂ ಬೆಂಗಳೂರಿನ ಕಂಪನಿಗಳೇ.

2022ರ ಸೆಪ್ಟೆಂಬರಿನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದಾಗ ಹಳೆಯ ತೊಡಕು ಹೊಸ ವೇಷದಲ್ಲಿ ಮರಳಿತು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಶುಲ್ಕವಿಲ್ಲ, ಮೀರಿದರೆ ಉಂಟು. ಒಂದೇ ಕ್ಯೂಆರ್‌ಗೆ ಒಂದೇ ದಿನ ಬಂದ ಎರಡು ಪಾವತಿಗಳಲ್ಲಿ ಒಂದು ಇಡಿಯಾಗಿ, ಇನ್ನೊಂದು ಕಡಿತಗೊಂಡು ಜಮಾ ಆಗಬಹುದು. ಬಿಡಿಸಿ ನೋಡಲು ಉಳಿಯುವ ಆಧಾರ ಪ್ರತಿ ಪಾವತಿಗೂ ಸಿಗುವ ಹನ್ನೆರಡು ಅಂಕಿಯ ಆರ್‌ಆರ್‌ಎನ್ ಸಂಖ್ಯೆ. ಆ ಸಂಖ್ಯೆ ಬ್ಯಾಂಕಿನ ಬಳಿ ಇರುತ್ತದೆ, ಆ್ಯಪಿನಲ್ಲಿಯೂ ಇರುತ್ತದೆ. ಬಿಲ್ ಹಾಕದ ಅಂಗಡಿಯ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

2025ರ ನೋಟಿಸುಗಳು

ಬಿಲ್ ಇಲ್ಲದ ಬೆಲೆ ಎಷ್ಟೆಂಬುದು 2025ರ ಜುಲೈನಲ್ಲಿ ಬಯಲಾಯಿತು. 2021-22ರಿಂದೀಚಿನ ಯುಪಿಐ ಜಮಾಗಳನ್ನು ಕಲೆಹಾಕಿದ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ, ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಜಿಎಸ್‌ಟಿ ನೋಂದಣಿ ಮಿತಿ ದಾಟಿದಂತೆ ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷದ ಬೇಡಿಕೆ ಹೋದದ್ದು ಸುದ್ದಿಯಾಯಿತು. ಆದರೆ ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಬೇಡ, ನಗದು ಕೊಡಿ ಎಂಬ ಚೀಟಿಗಳು ಕಂಡವು. ವ್ಯಾಪಾರಿಗಳು ಜುಲೈ 25ಕ್ಕೆ ಕರೆ ಕೊಟ್ಟಿದ್ದ ಬಂದನ್ನು, ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಜೊತೆ ಸಭೆ ನಡೆಸಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಾಯಿಸಿಕೊಳ್ಳಿ ಎಂದ ಮೇಲೆ ಕೈಬಿಡಲಾಯಿತು.

ಅಂಗಡಿ ಮತ್ತು ಮನೆಗೆ ಒಂದೇ ಉಳಿತಾಯ ಖಾತೆ ಬಳಸಿದವರಿಗೆ ಸಂಕಟ ಹೆಚ್ಚು. ನೆಂಟರು ತೀರಿಸಿದ ಕೈಗಡವೂ ಮಾರಾಟದ ಮೊತ್ತದಲ್ಲಿ ಸೇರಿತ್ತು. ಇಷ್ಟು ದಿನ ಅಂಗಡಿಯವರು ಮಾಡದೆ ಬಿಟ್ಟಿದ್ದ ತಾಳೆಯನ್ನು ಇಲಾಖೆಯ ಕಂಪ್ಯೂಟರು ಒಂದೇ ಕಡೆಯ ಲೆಕ್ಕ ಹಿಡಿದು ಮಾಡಿತ್ತು.

ಈಗಿನ ಸ್ಥಿತಿ

ಇಂದು ಬಿಲ್ಲಿಂಗ್ ತಂತ್ರಾಂಶ ಇರುವ ಔಷಧಿ ಅಂಗಡಿ, ಬಂಕು, ಬಟ್ಟೆ ಮಳಿಗೆಗಳಿಗೆ ತಾಳೆ ಬಹುಮಟ್ಟಿಗೆ ಗುಂಡಿ ಒತ್ತುವ ಕೆಲಸ. ಜಿಎಸ್‌ಟಿಯ ರಾಜಿ ತೆರಿಗೆ (ಕಾಂಪೋಸಿಷನ್) ಯೋಜನೆಯಲ್ಲಿರುವವರಿಗೆ ಕಮಿಷನ್ನಿನ ಮೇಲಿನ ತೆರಿಗೆ ವಾಪಸ್ ಸಿಗುವುದಿಲ್ಲವಾದ್ದರಿಂದ ಅವರು ಒಟ್ಟು ಮೊತ್ತ ಸರಿಹೋದರೆ ಅಲ್ಲಿಗೇ ಬಿಡುತ್ತಾರೆ.

ಗೊಬ್ಬರ, ಕಿರಾಣಿ, ಹಾರ್ಡ್‌ವೇರ್ ಅಂಗಡಿಗಳ ಕಥೆ ಬೇರೆ. ಮುಂಗಾರಿಗೆ ಸರಕು ಕೊಂಡ ರೈತರು ಈರುಳ್ಳಿ ಮಾರಿದಾಗ ಒಂದಷ್ಟು, ಅಡಕೆ ಮಂಡಿಯ ಪಟ್ಟಿ ಕೈಸೇರಿದಾಗ ಇನ್ನಷ್ಟು ಎಂದು ಫೋನಿನಲ್ಲಿ ಹಾಕುತ್ತಾರೆ. ಐದು ಬಿಲ್ಲಿನ ಬಾಕಿಗೆ ಎರಡು ಪಾವತಿ. ಹಣ ಬರುವುದು ಕೆಲವೊಮ್ಮೆ ಮಗನ ಖಾತೆಯಿಂದ, ಕೆಲವೊಮ್ಮೆ ಅಳಿಯನ ಖಾತೆಯಿಂದ. ಟ್ಯಾಲಿಯಲ್ಲಿ ಪಾವತಿಯನ್ನು ನಿರ್ದಿಷ್ಟ ಬಿಲ್ಲಿಗೆ ಕಟ್ಟಬಹುದು, ಇಲ್ಲವೇ ‘ಆನ್ ಅಕೌಂಟ್’ ಎಂದು ಗಿರಾಕಿಯ ಹೆಸರಿಗೆ ಸುಮ್ಮನೆ ಜಮಾ ಮಾಡಬಹುದು. ಯಾರ ಹಣವೆಂದೇ ತಿಳಿಯದಿದ್ದರೆ ಆಡಿಟರ ಕಚೇರಿಯವರು ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ರಿಟರ್ನ್ ಸಲ್ಲಿಸುವ ಮುನ್ನ ಅಂಗಡಿಗೆ ಫೋನ್ ಮಾಡಿ ಕೇಳುತ್ತಾರೆ. ಅಂಗಡಿಯವರು ಉದ್ರಿ ಪುಸ್ತಕ ತಿರುವಿ ಯಾವ ಜಮಾ ಯಾರ ಬಾಕಿಗೆ ಎಂದು ಒಂದೊಂದಾಗಿ ಹೇಳಿ ಬರೆಸುತ್ತಾರೆ.