ಲಿಂಗನಾಶವೂ ಶಲಾಕಾಕರ್ಮವೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಕಫಜ ಲಿಂಗನಾಶವು ಕನ್ನಡದಲ್ಲಿ ಕಣ್ಣಿನ ಪೊರೆಯೆನಿಸುವ ವ್ಯಾಧಿಯೆಂಬುದು ವಿದ್ವಾಂಸರಿಗೆ ಸಮ್ಮತವಾಗಿದೆ. ಆದರೆ ಸುಶ್ರುತನು ಪೊರೆಗಟ್ಟಿದ ಮಸೂರವನ್ನೇ ಕಣ್ಣಿನಿಂದ ಹೊರತೆಗೆಯುತ್ತಿದ್ದನೆಂದು ಕೆಲವರು ಬರೆದಿರುವರು. ಇದು ಮೂಲಕ್ಕೆ ಅನುಗುಣವೇ ಎಂಬುದು ವಿಚಾರಣೀಯವಾಗಿದೆ.

ಉತ್ತರತಂತ್ರದ 17ನೆಯ ಅಧ್ಯಾಯದಲ್ಲಿ ವಿಧಿಯು ಸ್ಪಷ್ಟವಾಗಿದೆ. ವೈದ್ಯನು ಎಡಗಣ್ಣನ್ನು ಬಲಗೈಯಿಂದಲೂ ಬಲಗಣ್ಣನ್ನು ಎಡಗೈಯಿಂದಲೂ, ಬಿಳಿಯ ಭಾಗದಲ್ಲಿ, ಜವೆಯ ಮೊನೆಯಂಥ ಶಲಾಕೆಯಿಂದ ವೇಧಿಸತಕ್ಕದ್ದು. ಅದರ ತುದಿಯಿಂದ ದೃಷ್ಟಿಮಂಡಲವನ್ನು ಕೆರೆಯತಕ್ಕದ್ದು. ಬಳಿಕ ರೋಗಿಯು ಒಂದು ಹೊಳ್ಳೆಯನ್ನು ಮುಚ್ಚಿ ಸೀದಿ ಕಫವನ್ನು ಕಳೆಯಬೇಕು. ರೂಪಗಳು ಕಾಣುತ್ತಲೇ ಶಲಾಕೆಯನ್ನು ಮೆಲ್ಲನೆ ತೆಗೆದು, ತುಪ್ಪ ಸವರಿ, ಬಟ್ಟೆ ಕಟ್ಟಿ ಅಂಗಾತ ಮಲಗಿಸಬೇಕು. ಕೆಮ್ಮು, ಸೀನು, ತೇಗುಗಳು ನಿಷಿದ್ಧ.

ಸೂತ್ರಸ್ಥಾನದ ಅಷ್ಟವಿಧ ಶಸ್ತ್ರಕರ್ಮಗಳಲ್ಲಿ ವೇಧನ, ಲೇಖನ, ಆಹರಣಗಳು ಬೇರೆಬೇರೆಯಾಗಿ ಪಠಿತವಾಗಿವೆ. ಹೊರಕ್ಕೆ ಸೆಳೆಯುವುದೇ ಆಹರಣ. ಇಲ್ಲಿಯಾದರೋ ವೇಧನ ಲೇಖನಗಳು ಮಾತ್ರ ವಿಹಿತ. ಕಳೆಯತಕ್ಕ ವಸ್ತುವೂ ಕಫವೇ ಹೊರತು ಮಸೂರವಲ್ಲ. ವಾಸ್ತವದಲ್ಲಿ ಶಲಾಕೆಯು ಮಬ್ಬಾದ ಮಸೂರವನ್ನು ಕಣ್ಣಿನೊಳಗೇ ಕೆಳಕ್ಕೆ ಸರಿಸುತ್ತಿತ್ತು. ಅದರಿಂದ ಬೆಳಕಿಗೆ ದಾರಿಯಾಗುತ್ತಿತ್ತು.

ಯೂರೋಪಿನ ವೈದ್ಯರೂ ಇದನ್ನು ಇಳಿದುಬಂದ ದ್ರವವೆಂದೇ ಬಹುಕಾಲ ಭಾವಿಸಿದ್ದರು. ಮಬ್ಬಾದ ಮಸೂರವೇ ಪೊರೆಯೆಂದು ಫ್ರಾನ್ಸಿನ ಬ್ರಿಸೋ 1705ರಲ್ಲಿ ಶವಪರೀಕ್ಷೆಯಿಂದ ತೋರಿಸಿದನು; 1747ರಲ್ಲಿ ದವಿಯೇಲನು ಅದನ್ನು ಹೊರತೆಗೆದನು.

ಆದುದರಿಂದ ಆಹರಣದ ಕೀರ್ತಿಯನ್ನು ಸುಶ್ರುತನಲ್ಲಿ ಆರೋಪಿಸುವುದು ಯುಕ್ತವಲ್ಲ. ಕಾರಣವನ್ನು ಅನ್ಯಥಾ ತಿಳಿದಿದ್ದರೂ ಕುರುಡನಿಗೆ ಕಾಣುವಂತೆ ಮಾಡಿದ ಕೈಚಳಕವೂ, ಆ ಕರ್ಮವನ್ನು ಕ್ರಮವಾಗಿ ಬರೆದಿಟ್ಟ ಶಾಸ್ತ್ರದೃಷ್ಟಿಯೂ ಅವನ ಗೌರವಕ್ಕೆ ಸಾಲುವುವು.