ದೇವಸ್ಥಾನ ನೋಡೋಕೆ ಹೋದವನು ಕೆರೆ ನೋಡ್ಕೊಂಡು ಬಂದೆ

ಈ ಸಲದ ಟಿಪ್ಪಣಿಯಲ್ಲಿ ಬೆಳೆ ವಿಷಯ ಇಲ್ಲ. ರಾಗಿ ಕಣ ಮುಗೀತು, ಹುರುಳಿ ಮನೆಗೆ ಬಂತು, ಎರಡು ದಿನ ಬಿಡುವು ಸಿಕ್ತು. ಬೈಕ್ ತಗೊಂಡು ನಮ್ಮ ನಾಲ್ಕು ತಾಲೂಕಿನ ಹಳೇ ದೇವಸ್ಥಾನಗಳನ್ನ ಸುತ್ತಿ ಬಂದೆ. ಬರಹ ಸ್ವಲ್ಪ ಉದ್ದ ಆಗಿದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಕೂತು ಓದಿ.

ಇದು ಶುರುವಾಗಿದ್ದೂ ಡೈರಿ ಹತ್ರಾನೇ. ನಮ್ಮಣ್ಣನ ಮಗನಿಗೆ ಬೆಂಗಳೂರಲ್ಲಿ ಕೆಲಸ. ಸ್ನೇಹಿತರ ಜೊತೆ ಕಾಂಬೋಡಿಯಾಕ್ಕೆ ಹೋಗಿ ಆಂಕೋರ್ ವಾಟ್ ನೋಡ್ಕೊಂಡು ಬಂದಿದ್ದ. ಮೊಬೈಲಲ್ಲಿ ಫೋಟೊ ತೋರಿಸ್ತಾ ಇದ್ದ. ಎಲ್ಲರೂ ಗೋಪುರ ನೋಡಿ ಬಾಯಿ ಬಿಟ್ರು. ನನ್ನ ಕಣ್ಣು ಹೋಗಿದ್ದು ಸುತ್ತ ನಿಂತಿದ್ದ ನೀರಿಗೆ.

"ಏನ್ಲಾ ಇದು, ಕೆರೆ ಮಧ್ಯೆ ಗುಡಿ ಕಟ್ಟವ್ರಾ?" ಅಂದೆ.

"ಕೆರೆ ಅಲ್ಲ ಚಿಕ್ಕಪ್ಪ, ಕಂದಕ. 190 ಮೀಟರ್ ಅಗಲ. ಕೆರೆ ಬೇರೆ ಅದೆ" ಅಂತ ಇನ್ನೊಂದು ಫೋಟೊ ತೆಗೆದ. ಪಶ್ಚಿಮ ಬರಾಯ್ ಅಂತ ಹೆಸರು. ಸುಮಾರು 8 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲ, ಹನ್ನೊಂದನೇ ಶತಮಾನದಲ್ಲಿ ಮನುಷ್ಯರು ಏರಿ ಹಾಕಿ ಕಟ್ಟಿದ್ದು. ಮನಸ್ಸಲ್ಲೇ ಲೆಕ್ಕ ಹಾಕಿದೆ. ನಾಲ್ಕು ಸಾವಿರ ಎಕರೆ ಆಗುತ್ತೆ. ನಮ್ಮ ಹೋಬಳಿ ಕೆರೆಗಳನ್ನೆಲ್ಲ ಒಂದಕ್ಕೊಂದು ಸೇರಿಸಿದ್ರೂ ಅಷ್ಟಾಗಲ್ಲ.

ಕೊನೆಗೆ ಅವನು ಒಂದು ಮಾತಂದ: "ನಮ್ ಕಡೆ ಇಂಥದ್ದು ಏನದೆ ಬುಡಿ." ಬಯ್ಯೋಣ ಅನ್ಕೊಂಡೆ. ಆದ್ರೆ ಬಯ್ಯೋಕೆ ನನಗೆ ಏನು ಯೋಗ್ಯತೆ? ಕೆ.ಆರ್.ಪೇಟೆ ಸಂತೆಗೆ ಮೂವತ್ತು ವರ್ಷದಿಂದ ಹೋಗ್ತೀನಿ. ಅಲ್ಲಿಂದ ಕೂಗಳತೆಯಲ್ಲಿರೋ ಹೊಸಹೊಳಲು ದೇವಸ್ಥಾನದ ಒಳಗೆ ಒಂದಿನ ಕಾಲಿಟ್ಟಿರಲಿಲ್ಲ.

ಹಳೆಗನ್ನಡ ಓದೋಕೆ ಬರೋ ನಮ್ಮೂರ ನಿವೃತ್ತ ಮೇಷ್ಟ್ರನ್ನ ಹಿಂದೆ ಕೂರಿಸ್ಕೊಂಡು ಹೊರಟೆ. ಮೊದಲು ನಾಗಮಂಗಲದ ಸೌಮ್ಯಕೇಶವ. ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ಜಗತಿ. ಒಳಗಿನದು ಹೊಯ್ಸಳರದು, ಮುಂದಿನ ಎತ್ತರದ ಗೋಪುರ ಆಮೇಲೆ ವಿಜಯನಗರದ ಕಾಲದಲ್ಲಿ ಸೇರಿದ್ದು. ಜಗತಿ ಮೇಲೆ ಕೂತು ಮೇಷ್ಟ್ರು ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದ್ರು. ಆಂಕೋರ್ ವಾಟ್ ಕಟ್ಟಿಸಿದ ರಾಜ ಎರಡನೇ ಸೂರ್ಯವರ್ಮ. ಅವನು ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ 1108ರಲ್ಲಿ ಪಟ್ಟಕ್ಕೆ ಬಂದು 1117ರಲ್ಲಿ ಬೇಲೂರಲ್ಲಿ ಚೆನ್ನಕೇಶವನನ್ನ ಪ್ರತಿಷ್ಠೆ ಮಾಡಿಸಿದ. ಅಂದ್ರೆ ಇಬ್ಬರೂ ಒಂದೇ ಕಾಲದವರು. ಅಲ್ಲೂ ವಿಷ್ಣು, ಇಲ್ಲೂ ವಿಷ್ಣು. ಅಲ್ಲಿನ ಗೋಡೆ ಮೇಲೂ ಕುರುಕ್ಷೇತ್ರ, ಲಂಕೆಯ ಯುದ್ಧ, ಸಮುದ್ರಮಥನ. ಇಲ್ಲಿ ಉಳಿ ಹಿಡಿದವರಿಗೆ ಅಲ್ಲಿಯವರ ಪರಿಚಯ ಇರಲಿಲ್ಲ, ಕೆತ್ತಿದ ಕಥೆ ಮಾತ್ರ ಒಂದೇ.

ಕಲ್ಲು ಬೇರೆ. ಅವರದು ಮರಳುಗಲ್ಲು, ನಮ್ಮದು ಬಳಪದ ಕಲ್ಲು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ಬಿಸಿಲಿಗೆ ಬಿದ್ದು ಗಟ್ಟಿಯಾಗುತ್ತೆ. ಅದಕ್ಕೇ ಹೊಸಹೊಳಲಿನಲ್ಲಿ ಅಷ್ಟು ಸಣ್ಣ ಕುಸುರಿ ಮಾಡೋಕೆ ಆಗಿದ್ದು. ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ 1250ರ ಸುಮಾರಿನದು, ವೀರ ಸೋಮೇಶ್ವರನ ಕಾಲ. ಬುಡದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತ. ಒಳಗಿನ ಕಂಬ ಚರಕಿಯಲ್ಲಿ ಹಿಡಿದಂಗೆ ನುಣುಪು. ಒಂದು ಸುತ್ತು ಬರೋಕೆ ನನಗೆ ಒಂದು ಗಂಟೆ ಬೇಕಾಯ್ತು. ಯಾರಾದ್ರೂ ಹೋದ್ರೆ ಬೆಳಿಗ್ಗೆ ಹೋಗಿ, ಓರೆ ಬಿಸಿಲಲ್ಲಿ ಕೆತ್ತನೆ ಎದ್ದು ಕಾಣುತ್ತೆ.

ಅಲ್ಲಿಂದ ಕಿಕ್ಕೇರಿ. ಬ್ರಹ್ಮೇಶ್ವರ ದೇವಸ್ಥಾನ, 1171ರದ್ದು. ಕಟ್ಟಿಸಿದ್ದು ರಾಜ ಅಲ್ಲ, ಒಬ್ಬ ನಾಯಕಿತಿ, ಹೆಣ್ಣುಮಗಳು. ಪಕ್ಕದಲ್ಲೇ ಕೆರೆ. ಆಮೇಲೆ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, 1238ರ ಸುಮಾರಿನದು. ಐದು ಗರ್ಭಗುಡಿ ಒಂದೇ ಸಾಲಲ್ಲಿ. ನಾವು ಹೋದಾಗ ನಮ್ಮಿಬ್ಬರನ್ನ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ.

ಇಷ್ಟು ದೊಡ್ಡ ಗುಡಿ ಇಷ್ಟು ಸಣ್ಣ ಊರಲ್ಲಿ ಹೆಂಗೆ ನಡೀತಿತ್ತು? ನಿತ್ಯ ಎಣ್ಣೆ, ಅಕ್ಕಿ, ಪೂಜೆಯವರಿಗೆ, ವಾದ್ಯದವರಿಗೆ ಸಂಬಳ, ಎಲ್ಲಿಂದ ಬರ್ತಿತ್ತು? ಮೇಷ್ಟ್ರಿಗೆ ಕೇಳಿದೆ. "ಕೆರೆಯಿಂದ ಕಣಪ್ಪ" ಅಂದ್ರು. ಹೊಯ್ಸಳರ ದಾನಶಾಸನ ತೆಗೆದು ನೋಡಿದ್ರೆ ರಾಜನ ಹೊಗಳಿಕೆ ಮುಗಿದ ಮೇಲೆ ಬರೋದು ಬರೀ ಜಮೀನಿನ ವಿಷಯ. ಯಾವ ಕೆರೆ ಕೆಳಗೆ, ಯಾವ ತೂಬಿನ ಮುಂದೆ, ಎಷ್ಟು ಸಲಗೆ ಗದ್ದೆ, ಎಷ್ಟು ಬೆದ್ದಲು. ಸಲಗೆ, ಕೊಳಗ ಅಂದ್ರೆ ಬಿತ್ತನೆ ಬೀಜದ ಅಳತೆಯಲ್ಲಿ ಜಮೀನು ಹೇಳೋದು. ನಮ್ಮ ತಾತನೂ "ಹತ್ತು ಕೊಳಗದ ಗದ್ದೆ" ಅಂತಲೇ ಅಂತಿದ್ದ, ಎಕರೆ ಗುಂಟೆ ಅವನ ಬಾಯಲ್ಲಿ ಬರ್ತಿರಲಿಲ್ಲ. ಕೆರೆ ಕಟ್ಟಿದವನಿಗೆ, ಅದರ ಉಸ್ತುವಾರಿ ನೋಡೋನಿಗೆ ಬೇರೆಯೇ ಮಾನ್ಯ ಇತ್ತು, ಅದಕ್ಕೆ ಕಟ್ಟುಕೊಡಗೆ ಅನ್ನೋರು. ಹೂಳು ತೆಗೆಯೋದು, ಏರಿ ಕಾಯೋದು ಆ ಜಮೀನಿನ ಆದಾಯದಲ್ಲಿ ನಡೀಬೇಕು. ನಮ್ಮ ತಾಲೂಕುಗಳ ಇಂಥ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚಾಗಿವೆ. ಓದೋಕೆ ಬಂದ್ರೆ ನಮ್ಮೂರ ಹಳೇ ಪಹಣಿ ಓದಿದಂಗೇ ಇರುತ್ತೆ.

ಕಾಂಬೋಡಿಯಾದ ಲೆಕ್ಕವೂ ಇದೇ. ಅಲ್ಲಿ ತಾ ಪ್ರೋಮ್ ಅಂತ ಒಂದು ದೇವಾಲಯ ಇದೆ. ಮರದ ಬೇರು ಗೋಡೆ ತಬ್ಬಿಕೊಂಡಿರೋ ಫೋಟೊ ನೋಡಿರ್ತೀರ, ಅದೇ. ಅದರ ರಿಪೇರಿ ಕೆಲಸದಲ್ಲಿ ನಮ್ಮ ಭಾರತದ ಪುರಾತತ್ವ ಇಲಾಖೆಯವರೂ ಇದ್ದಾರೆ. ಅಲ್ಲಿನ 1186ರ ಶಾಸನದಲ್ಲಿ ಆ ಒಂದು ದೇವಾಲಯಕ್ಕೆ 3,140 ಹಳ್ಳಿ, 79,365 ಜನ ದುಡೀತಿದ್ರು ಅಂತ ಬರೆದಿದೆ. ಗೋಪುರ ನೋಡಿ ಬಂದವರು ರಾಜನ ಹೆಸರು ಹೇಳ್ತಾರೆ. ಆ 3,140 ಹಳ್ಳಿಯ ಭತ್ತದ ವಿಷಯ ಯಾರೂ ಎತ್ತಲ್ಲ.

ಅಲ್ಲಿ ಆಮೇಲೆ ಆಗಿದ್ದನ್ನೂ ಹೇಳಬೇಕು. ವಿಯೆಟ್ನಾಂ ಬೆಟ್ಟದ ಹಳೇ ಮರಗಳ ಉಂಗುರ ಎಣಿಸಿ ಮಳೆ ಲೆಕ್ಕ ತೆಗೆದಿದ್ದಾರೆ. ಹದಿನಾಲ್ಕನೇ ಶತಮಾನದ ಮಧ್ಯದಲ್ಲಿ ವರ್ಷಗಟ್ಟಲೆ ಬರ, ಹದಿನೈದನೇ ಶತಮಾನದ ಶುರುವಿನಲ್ಲಿ ಮತ್ತೆ ಬರ, ನಡುವೆ ಮುರಕೊಂಡು ಬಿದ್ದ ಮಳೆ. ಬರಕ್ಕೆ ಒಣಗಿದ ಕಾಲುವೆ ಪ್ರವಾಹಕ್ಕೆ ಕಿತ್ತುಹೋಯ್ತು, ಹೂಳು ತುಂಬ್ತು. ಯುದ್ಧವೂ ಸೇರಿಕೊಳ್ತು. ಹದಿನೈದನೇ ಶತಮಾನದಲ್ಲಿ ರಾಜಧಾನಿ ಅಲ್ಲಿಂದ ಎದ್ದು ಹೋಯ್ತು. ಕಲ್ಲು ಉಳೀತು, ಅದನ್ನ ಸಾಕ್ತಿದ್ದ ನೀರಿನ ವ್ಯವಸ್ಥೆ ಉಳೀಲಿಲ್ಲ.

ಎರಡನೇ ದಿನ ಚಿನಕುರಳಿ ದಾರಿಯಲ್ಲಿ ಪಾಂಡವಪುರದ ಕಡೆ ಹೋದ್ವಿ. ಕೆರೆ ತೊಣ್ಣೂರು. ನಂಬಿನಾರಾಯಣನ ಗುಡಿ, ಮೇಲೆ ಯೋಗನರಸಿಂಹ, ಪಕ್ಕದಲ್ಲಿ ಬೆಟ್ಟದ ನಡುವೆ ಕೆರೆ. ಕಟ್ಟಿಸಿದ್ದು ರಾಮಾನುಜಾಚಾರ್ಯರು ಅನ್ನೋದು ಜನರ ನಂಬಿಕೆ. 1746ರಲ್ಲಿ ಬಂದ ನಿಜಾಮನ ಮಗ ನಾಸಿರ್ ಜಂಗ್ ಆ ತಿಳಿನೀರು ನೋಡಿ ಮೋತಿ ತಲಾಬ್, ಮುತ್ತಿನ ಕೆರೆ ಅಂತ ಹೆಸರಿಟ್ಟ. ಏರಿ ಮೇಲೆ ನಿಂತ್ರೆ ಕೆಳಗೆ ಇವತ್ತೂ ಹಸಿರು ಕಾಣುತ್ತೆ.

ಅಲ್ಲಿಂದ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ. ಇದರ ಕಥೆ ನಿಮಗೆಲ್ಲ ಗೊತ್ತು. 1911ರಲ್ಲಿ ಅಣೆಕಟ್ಟೆ ಕೆಲಸ ಶುರುವಾಗಿ ನೀರು ನಿಂತಾಗ ಕನ್ನಂಬಾಡಿ ಊರು, ಸುತ್ತಲ ಊರುಗಳು, ಹೊಯ್ಸಳರ ಕಾಲದ ಈ ದೇವಸ್ಥಾನ ಎಲ್ಲಾ ಮುಳುಗಿದ್ವು. ಕಟ್ಟೆ ಬತ್ತಿದ ವರ್ಷ ಮಾತ್ರ ಗುಡಿ ಮೇಲೆ ಕಾಣೋದು. ಗುಡಿ ಕಂಡ್ರೆ ನಮಗೆ ಸಂತೋಷಕ್ಕಿಂತ ಭಯ, ನಾಲೆಗೆ ನೀರಿಲ್ಲ ಅಂತ ಅದರ ಅರ್ಥ. ಆಮೇಲೆ ಖೋಡೆ ಫೌಂಡೇಶನ್ನಿನವರು ಕಲ್ಲಿಗೆ ನಂಬರ್ ಹಾಕಿ, ಬಿಚ್ಚಿ, ಎತ್ತರದ ಜಾಗಕ್ಕೆ ತಂದು ಮತ್ತೆ ಜೋಡಿಸಿದ್ರು. ಈಗ ಹಿನ್ನೀರಿನ ದಡದಲ್ಲಿ ಚೆನ್ನಾಗಿ ನಿಂತಿದೆ, ರಜಾ ದಿನ ಭಾರಿ ಜನ.

ಸಂಜೆ ಶ್ರೀರಂಗಪಟ್ಟಣಕ್ಕೆ ಬಂದು ಬಂಗಾರದೊಡ್ಡಿ ನಾಲೆ ನೋಡಿದ್ವಿ. ಕಂಠೀರವ ನರಸರಾಜ ಒಡೆಯರ ಕಾಲದ್ದು, ಹದಿನೇಳನೇ ಶತಮಾನ. ಹೊಳೆ ಮೇಲೇ ಮೇಲ್ಗಾಲುವೆ ಕಟ್ಟಿ ದ್ವೀಪಕ್ಕೆ ನೀರು ದಾಟಿಸಿದ್ದಾರೆ. ರಂಗನಾಥನ ದರ್ಶನಕ್ಕೆ ಬರೋರಲ್ಲಿ ನೂರಕ್ಕೊಬ್ಬರೂ ಇದನ್ನ ನೋಡಲ್ಲ. ನಾನೂ ಇಷ್ಟು ದಿನ ನೋಡಿರಲಿಲ್ಲ.

ಈಗ ನನ್ನ ವಿಷಯ. ಇದನ್ನ ಬರೀಬೇಕೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ.

ನಮ್ಮೂರಲ್ಲೂ ಒಂದು ಸಣ್ಣ ಕಲ್ಲುಗುಡಿ, ಅದರ ಮುಂದೆ ಕೆರೆ ಇದೆ. ಕೆರೆ ತುಂಬಿ ಕೋಡಿ ಬಿದ್ದು ಎಷ್ಟೋ ವರ್ಷ ಆಯ್ತು. ಮಳೆ ಇಲ್ಲ, ಕಾಲ ಕೆಟ್ಟಿದೆ ಅಂತ ಎಲ್ಲರ ಜೊತೆ ನಾನೂ ಹೇಳ್ಕೊಂಡು ಬಂದೆ. ಕೆರೆಗೆ ನೀರು ತರೋ ಪೋಷಕ ಕಾಲುವೆ ನಮ್ಮ ಹೊಲದ ಅಂಚಲ್ಲಿ ಹೋಗುತ್ತೆ. ಹೋಗ್ತಿತ್ತು ಅನ್ನಬೇಕು. ನಮ್ಮಪ್ಪ ಒಂದು ಬರಗಾಲದಲ್ಲಿ ಅದರ ಅರ್ಧ ಮುಚ್ಚಿ ಬದು ಸರಿಸಿದ. ಉಳಿದರ್ಧ ನಾನು ಮುಚ್ಚಿ ತೆಂಗು ಇಟ್ಟೆ. ಹದಿನಾಲ್ಕು ಮರ. ಎಲ್ಲಾ ಫಲಕ್ಕೆ ಬಂದಿವೆ. ನಕ್ಷೆಯಲ್ಲಿ ಆ ಜಾಗ ಇವತ್ತೂ ಕಾಲುವೆ. ನಮ್ಮ ಮೇಲಿನವರು ಇಬ್ಬರೂ ಹಿಂಗೇ ಮಾಡವ್ರೆ, ಆದ್ರೆ ಮೊದಲು ಮಾಡಿದ್ದು ನಮ್ಮ ಮನೆ.

ಗೋವಿಂದನಹಳ್ಳಿಯಲ್ಲಿ ಮೇಷ್ಟ್ರು ಶಾಸನಗಳ ಕೊನೆಯಲ್ಲಿ ಬರೋ ಶಾಪದ ವಿಷಯ ಹೇಳ್ತಿದ್ರು. ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳವಾಗಿ ಹುಟ್ತಾನೆ, ಗಂಗೆ ದಡದಲ್ಲಿ ಕವಿಲೆ ಕೊಂದ ಪಾಪ ಅವನಿಗೆ ಅಂತೆಲ್ಲ. ಅದಕ್ಕೆ ನಾನು ನಕ್ಕಿದ್ದೆ. ಶಾಪಕ್ಕೆ ಈಗಲೂ ಹೆದರಲ್ಲ. ಆದ್ರೆ ಹೊಸ ಕನ್ನಂಬಾಡಿಯಲ್ಲಿ ನಂಬರ್ ಹಾಕಿ ಜೋಡಿಸಿದ ಆ ಕಲ್ಲುಗಳ ಮುಂದೆ ನಿಂತಾಗ ನಗು ಬರಲಿಲ್ಲ. ನಾಲೆಗೆ ನೀರು ಬರಲಿ ಅಂತ ಊರಿಗೂರೇ ಎದ್ದು ಹೋಗಿದೆ, ದೇವರೂ ಜಾಗ ಬಿಟ್ಟುಕೊಟ್ಟಿದ್ದಾನೆ. ನಾನು ಹದಿನಾಲ್ಕು ತೆಂಗಿನ ಮರಕ್ಕೆ ಕೂತಿದ್ದೀನಿ.

ಶ್ರೀರಂಗಪಟ್ಟಣ, ಪಾಂಡವಪುರದ ಸ್ನೇಹಿತರಿಗೆ ನಾಲೆ ಇದೆ. ನಾಗಮಂಗಲ, ಕೆ.ಆರ್.ಪೇಟೆಯ ಮೇಲ್ಭಾಗದ ನಮಗೆ ಹಳೇ ಕೆರೆಗಳೇ ಗತಿ. ಬೋರು ಸಾವಿರ ಅಡಿ ಹೋದ್ರೂ ಕೆರೆ ತುಂಬದೆ ಅದಕ್ಕೆ ನೀರು ಎಲ್ಲಿಂದ ಬರಬೇಕು?

ಮೊನ್ನೆ ಅಳತೆಗೆ ಅರ್ಜಿ ಕೊಟ್ಟೆ. ಮನೆಯಲ್ಲಿ ಇನ್ನೂ ಮಾತು ಬಿಟ್ಟಿದ್ದಾರೆ. ಮಗ "ಅವರು ಬಿಟ್ಟ ಮೇಲೆ ನಾವು ಬಿಡೋಣ" ಅಂತಾನೆ. ಅವನ ಮಾತಲ್ಲಿ ತಪ್ಪಿಲ್ಲ, ನಾನೇ ಕಲಿಸಿದ್ದು. ಮೂರು ಮರ ಅಂಚಿಗೆ ಇವೆ, ಉಳಿಸ್ಕೊಳ್ಳೋಕೆ ಆಗುತ್ತಾ ಅಂತ ನನ್ನ ಮನಸ್ಸೂ ಲೆಕ್ಕ ಹಾಕೋದು ನಿಲ್ಲಿಸಿಲ್ಲ. ಆದ್ರೂ ಮುಂಗಾರಿಗೆ ಮೊದಲು ಕಾಲುವೆ ಬಿಡಿಸ್ತೀನಿ. ಮೇಲಿನ ಇಬ್ಬರಿಗೂ ನಾನೇ ಹೋಗಿ ಹೇಳ್ತೀನಿ. ಅವರೂ ಈ ಪುಟ ಓದ್ತಾರೆ, ಆದ್ರೆ ಇಂಥ ಮಾತು ಫೋನಲ್ಲಿ ಆಗಲ್ಲ.

ಮಳೆ ಬಂದು ಆ ಕಾಲುವೆಯಲ್ಲಿ ನೀರು ಹರಿದ ದಿನ ಫೋಟೊ ಹಾಕ್ತೀನಿ. ನಿಮ್ಮೂರ ಗುಡಿ ಹತ್ರ ಶಾಸನ ಕಲ್ಲಿದ್ರೆ ಅದಕ್ಕೆ ಸುಣ್ಣ ಬಳೀಬೇಡಿ, ಬಟ್ಟೆ ಒಗೀಬೇಡಿ. ಅದರಲ್ಲಿ ನಿಮ್ಮ ಕೆರೆ ವಿಷಯ ಇರಬಹುದು. ಓದಿಸಬೇಕು ಅಂದ್ರೆ ಹೇಳಿ, ಮೇಷ್ಟ್ರನ್ನ ಕರ್ಕೊಂಡು ಬರ್ತೀನಿ. ಪೆಟ್ರೋಲ್ ನಂದು, ಊಟ ನಿಮ್ಮದು.