ಇಂಡಿಯನ್ ಏರ್‌ಲೈನ್ಸ್: ಅಪಘಾತಗಳ ಚರಿತ್ರೆ ಮತ್ತು ಹೊಣೆಗಾರಿಕೆಯ ಪ್ರಶ್ನೆ

ಸಂಸ್ಥೆಯೊಂದು ಕಣ್ಮರೆಯಾದಾಗ ಅದರ ಸಾಧನೆಗಳು ನೆನಪಿನಲ್ಲಿ ಉಳಿಯುತ್ತವೆ. ಅದರ ಸೋಲುಗಳ ದಾಖಲೆ ಕಪಾಟು ಸೇರುತ್ತದೆ. ಭಾರತದ ಒಳನಾಡಿನ ವಿಮಾನಯಾನವನ್ನು ನಾಲ್ಕು ದಶಕಗಳ ಕಾಲ ಬಹುಮಟ್ಟಿಗೆ ಏಕಸ್ವಾಮ್ಯದಲ್ಲಿ ನಡೆಸಿದ ಇಂಡಿಯನ್ ಏರ್‌ಲೈನ್ಸ್ ಈ ಮಾತಿಗೆ ನಿದರ್ಶನ. ಅದರ ಪ್ರಮುಖ ಅಪಘಾತಗಳ ಕಾರಣಗಳನ್ನು ಒಟ್ಟಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1953ರ ವಾಯು ನಿಗಮಗಳ ಕಾಯ್ದೆಯನ್ವಯ, ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸೇರಿದಂತೆ ಎಂಟು ಖಾಸಗಿ ಕಂಪನಿಗಳ ದೇಶೀಯ ಸೇವೆಗಳನ್ನು ವಿಲೀನಗೊಳಿಸಿ ಈ ನಿಗಮವನ್ನು ಸ್ಥಾಪಿಸಲಾಯಿತು. ಅದಕ್ಕೆ ಬಳುವಳಿಯಾಗಿ ಬಂದ ವಿಮಾನಗಳಲ್ಲಿ ಹೆಚ್ಚಿನವು ಡಕೋಟಾಗಳು. 1957ರಲ್ಲಿ ವೈಕೌಂಟ್, 1964ರಲ್ಲಿ ಜೆಟ್ ವಿಮಾನವಾದ ಕ್ಯಾರವೆಲ್, 1970ರ ದಶಕದಲ್ಲಿ ಬೋಯಿಂಗ್ 737 ಮತ್ತು ಏರ್‌ಬಸ್ ಎ-300, 1989ರಲ್ಲಿ ಎ-320 ಸೇರ್ಪಡೆಗೊಂಡವು.

ನೇರವಾಗಿ ಯಂತ್ರದೋಷದಿಂದಲೇ ಸಂಭವಿಸಿದ ದುರಂತಕ್ಕೆ 1976ರ ಅಕ್ಟೋಬರ್ 12ರ ಮುಂಬಯಿ ಅಪಘಾತ ಉದಾಹರಣೆ. ಕ್ಯಾರವೆಲ್ ವಿಮಾನದ ಎಂಜಿನ್ನಿನ ಬಿಲ್ಲೆಯೊಂದು ಲೋಹದ ದಣಿವಿನಿಂದ ಸಿಡಿದು ಇಂಧನಕ್ಕೆ ಬೆಂಕಿ ತಗುಲಿತು. ವಿಮಾನ ನಿಯಂತ್ರಣ ತಪ್ಪಿ 95 ಮಂದಿಯೂ ಮೃತರಾದರು. ಆದರೆ ಇತರ ದೊಡ್ಡ ಅಪಘಾತಗಳಲ್ಲಿ ಹೆಚ್ಚಿನವು ವಿಮಾನ ನಿಲ್ದಾಣವನ್ನು ಸಮೀಪಿಸುತ್ತಿದ್ದಾಗ ನಡೆದಂಥವು. 1973ರ ಮೇ 31ರಂದು ದೆಹಲಿಯ ಪಾಲಂ ಬಳಿ ಬೋಯಿಂಗ್ ವಿಮಾನವು ವಿದ್ಯುತ್ ತಂತಿಗಳಿಗೆ ತಗುಲಿ ಬಿದ್ದು, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ಅವರೂ ಸೇರಿ 48 ಮಂದಿ ಅಸುನೀಗಿದರು. 1988ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಮಂಜಿನ ನಡುವೆ ರನ್‌ವೇಯನ್ನು ಹುಡುಕುತ್ತಿದ್ದ ಚಾಲಕರು ಎತ್ತರದ ಮೇಲಿನ ಗಮನ ಕಳೆದುಕೊಂಡರು. 135 ಜನರಲ್ಲಿ ಬದುಕುಳಿದವರು ಇಬ್ಬರೇ. 1991ರ ಆಗಸ್ಟ್ 16ರಂದು ಇಂಫಾಲದ ಬಳಿ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 69 ಮಂದಿ ಸತ್ತರು.

ಈ ಸರಣಿಯಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ದುರಂತ ವಿಶೇಷವಾಗಿ ಗಮನಾರ್ಹ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಎ-320 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಉರಿಯಿತು; 146 ಜನರಲ್ಲಿ 92 ಮಂದಿ ಮರಣಹೊಂದಿದರು. ವಿಮಾನವು ಸೇವೆಗೆ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿರುವ ಸ್ವಯಂಚಾಲಿತ ಇಳಿಕೆಯ ಕ್ರಮದಲ್ಲಿ ವಿಮಾನವಿತ್ತು; ವೇಗವೂ ಎತ್ತರವೂ ಕುಸಿಯುತ್ತಿದ್ದುದನ್ನು ಚಾಲಕರಿಬ್ಬರೂ ಸಕಾಲದಲ್ಲಿ ಗ್ರಹಿಸಲಿಲ್ಲ. ಶಕ್ತಿಯನ್ನು ಹೆಚ್ಚಿಸಿದಾಗ, ಎಂಜಿನ್ನುಗಳು ಅದಕ್ಕೆ ಸ್ಪಂದಿಸಲು ಬೇಕಾದ ಕ್ಷಣಗಳು ಉಳಿದಿರಲಿಲ್ಲ. ಸರ್ಕಾರ ಎ-320 ವಿಮಾನಗಳ ಹಾರಾಟವನ್ನೇ ಸ್ಥಗಿತಗೊಳಿಸಿತು. ಯಂತ್ರ ಕೆಟ್ಟಿರಲಿಲ್ಲ, ಹೊಸ ಯಂತ್ರಕ್ಕೂ ಅದನ್ನು ನಡೆಸುವವರ ಗ್ರಹಿಕೆಗೂ ನಡುವೆ ಅಂತರವಿತ್ತು.

ಆದರೆ ಎಲ್ಲ ದೋಷವನ್ನೂ ಚಾಲಕರ ಮೇಲೆ ಹೊರಿಸುವುದು ಉಚಿತವಲ್ಲ. 1993ರ ಏಪ್ರಿಲ್ 26ರಂದು ಔರಂಗಾಬಾದಿನಲ್ಲಿ ಮೇಲೇರುತ್ತಿದ್ದ ವಿಮಾನ, ನಿಲ್ದಾಣದ ಆಚೆಯ ಹೆದ್ದಾರಿಯಲ್ಲಿದ್ದ ಹತ್ತಿ ತುಂಬಿದ ಲಾರಿಗೆ ತಗುಲಿ 55 ಮಂದಿ ಸತ್ತರು. ಚಾಲಕರು ವಿಮಾನವನ್ನು ತಡವಾಗಿ ಮೇಲೆತ್ತಿದ್ದರ ಜೊತೆಗೆ, ರಸ್ತೆಯ ಸಂಚಾರವನ್ನು ನಿಯಂತ್ರಿಸದ ವಿಮಾನ ನಿಲ್ದಾಣ ಪ್ರಾಧಿಕಾರದ ಲೋಪವನ್ನೂ ವಿಚಾರಣೆ ಗುರುತಿಸಿತು.

ಇಲ್ಲಿಯೇ ಮೂಲಪ್ರಶ್ನೆಯಿದೆ. ವಿಮಾನ ನಡೆಸುವ ನಿಗಮ, ಅದನ್ನು ನಿಯಂತ್ರಿಸುವ ಮಹಾನಿರ್ದೇಶನಾಲಯ, ಬಹುತೇಕ ನಿಲ್ದಾಣಗಳ ನಿರ್ವಹಣೆ ಇವೆಲ್ಲ ಒಂದೇ ಸಚಿವಾಲಯದ ಅಧೀನದಲ್ಲಿದ್ದವು. ದೊಡ್ಡ ದುರಂತಗಳಿಗೆ ನ್ಯಾಯಾಧೀಶರ ವಿಚಾರಣೆ ದೊರೆತರೂ, ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ಸಂಸ್ಥೆ ಸ್ಥಾಪನೆಯಾದದ್ದು 2012ರಲ್ಲಿ. ಅಷ್ಟರಲ್ಲಿ ನಿಗಮವೇ ಇರಲಿಲ್ಲ: 2007ರಲ್ಲಿ ಏರ್ ಇಂಡಿಯಾದೊಂದಿಗಿನ ವಿಲೀನ ಆರಂಭವಾಗಿ, 2011ರಲ್ಲಿ ಅದರ ಹೆಸರೂ ಅಳಿದಿತ್ತು. 2022ರಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿತು.

ಮೇಲಿನ ಆರು ದುರಂತಗಳಲ್ಲೇ ಸುಮಾರು ಐದುನೂರು ಜನ ಪ್ರಾಣ ತೆತ್ತರು. ಸಂಸ್ಥೆಯ ಆಸ್ತಿಗೆ ವಾರಸುದಾರರು ದೊರೆತಿದ್ದಾರೆ. ಈ ವಿಚಾರಣಾ ವರದಿಗಳೂ ಅದರ ಆಸ್ತಿಯೇ. ಅವುಗಳನ್ನು ಸಂರಕ್ಷಿಸಿ ಅಧ್ಯಯನಕ್ಕೆ ಒದಗಿಸುವ ಹೊಣೆ ಗ್ರಂಥಾಲಯಗಳದು, ಓದುವ ಹೊಣೆ ಸಂಶೋಧಕರದು.